ಹುಣಸೆ ಕೊರಡು ಸೀಳಿದ ವರ್ಷ

ಮದುವೆಯಾಗಿ ಅಜ್ಜಂಪುರದಲ್ಲಿ ಬೇರೆ ಮನೆ ಹೂಡಿದಾಗ ನನ್ನ ಹತ್ತಿರ ಬಾಚಿ, ಉಳಿ, ಗರಗಸ ಎಲ್ಲವೂ ಇದ್ದವು. ಇಲ್ಲದ್ದು ಕೊರಡು ಮಾತ್ರ. ಕೆತ್ತುವ ಮರವನ್ನು ಮೊದಲು ಕೊರಡಿನ ಮೇಲೆ ನಿಲ್ಲಿಸಿ, ಬಾಚಿಯಿಂದ ತರಿದು ಒಂದು ಆಕಾರಕ್ಕೆ ತರಬೇಕು. ನೆಲದ ಮೇಲೆ ತರಿದರೆ ಬಾಚಿಯ ಬಾಯಿ ಹೋಗುತ್ತದೆ. ಅಷ್ಟರಲ್ಲಿ ಶಾನುಭೋಗರ ಮನೆಯಿಂದ ತೊಟ್ಟಿಲಿನ ಕೆಲಸ ಬಂತು. ಅವರ ಸೊಸೆಗೆ ಆಗ ಏಳು ತಿಂಗಳು. ತೊಟ್ಟಿಲಿನ ನಾಲ್ಕು ಮೂಲೆಗೂ ಒಂದೊಂದು ಗಿಳಿ ಬೇಕೆಂದು ಶಾನುಭೋಗರ ತಾಯಿ ಹೇಳಿ ಕಳಿಸಿದ್ದರು.

ಸಿಂಗಟಗೆರೆಯಲ್ಲಿ ಒಬ್ಬ ರೈತರು ಹುಣಸೆ ಮರ ಕಡಿಸುತ್ತಿದ್ದಾರೆಂದು ತಿಳಿದು ಗಾಡಿ ಕಟ್ಟಿಸಿಕೊಂಡು ಹೋದೆ. ಮೊಣಕಾಲೆತ್ತರದ ಬುಡದ ತುಂಡು ಸಿಕ್ಕಿತು. ಇಬ್ಬರು ಸೇರಿ ಉರುಳಿಸಬೇಕಾಯಿತು.

"ಇನ್ನೂ ಹಸಿ ಐತೆ ಕಣಪ್ಪಾ. ಒಂದ್ ಮಳೆಗಾಲ ಕಳೀಲಿ, ಆಮೇಲೆ ಬಾಚಿ ಹಾಕು," ಎಂದರು ರೈತರು.

ನನಗೆ ಅಷ್ಟು ತಾಳ್ಮೆ ಎಲ್ಲಿತ್ತು? ಬೇಗ ಒಣಗಲಿ ಎಂದು ಅಂಗಳದ ಬಿಸಿಲಿನಲ್ಲೇ ಇಟ್ಟು, ವಾರದೊಳಗೆ ಕೆಲಸ ಶುರು ಮಾಡಿದೆ. ಎರಡು ಗಿಳಿ ಚೆನ್ನಾಗಿಯೇ ಬಂದವು. ಮೂರನೆಯದರ ಕೊಕ್ಕು ಬಿಡಿಸುವ ಹೊತ್ತಿಗೆ ಕೊರಡು ನಡುವೆ ಸೀಳಿತು. ಗಿಳಿ ವಾಲಿತು, ಬಾಚಿ ಜಾರಿ ಅದರ ಕತ್ತನ್ನೇ ಹಾರಿಸಿ, ನನ್ನ ಮೊಣಕಾಲನ್ನೂ ಸೀಳಿತು. ಹೆಂಡತಿ ಅರಿಶಿನ ಒತ್ತಿ ಬಟ್ಟೆ ಕಟ್ಟಿದಳು. ಗಾಯದ ನೋವಿಗಿಂತ ನನ್ನ ಮೇಲೆ ನನಗೇ ಬಂದ ಸಿಟ್ಟು ಹೆಚ್ಚಾಗಿತ್ತು.

ಸುದ್ದಿ ಕೇಳಿ ತರೀಕೆರೆಯಿಂದ ಮಾವ ಬಂದರು. ಅವರೂ ಮರಗೆಲಸದವರೇ. ಸೀಳಿನೊಳಗೆ ಬೆರಳಿಟ್ಟು ನೋಡಿ, "ಏನಳಿಯಂದ್ರೇ, ಬಿಸಿಲಿಗಿಟ್ಟಿದ್ರಾ?" ಎಂದರು.

"ಇಲ್ಲ ಮಾವ, ನೆರಳಲ್ಲೇ ಇತ್ತು."

ಒಳಗಿನಿಂದ ಹೆಂಡತಿ, "ಅಂಗಳದ ಮಧ್ಯದಲ್ಲೇ ಇತ್ತು ಕಣಪ್ಪಾ," ಎಂದಳು. ನನಗೆ ತಲೆ ಎತ್ತಲಾಗಲಿಲ್ಲ.

ಮಾವ ತಿಂಗಳೊಳಗೆ ಇನ್ನೊಂದು ಹುಣಸೆ ತುಂಡು ಕಳಿಸಿದರು. ಕೊಂಬೆ ಕವಲೊಡೆಯುವ ಜಾಗದ್ದು. ಅಲ್ಲಿ ಎಳೆಗಳು ಹೆಣೆದುಕೊಂಡಿರುವುದರಿಂದ ಸುಲಭವಾಗಿ ಸೀಳುವುದಿಲ್ಲ. ಅವರು ಹೇಳಿ ಕಳಿಸಿದಂತೆ ಎರಡೂ ತುದಿಗೆ ಸಗಣಿ, ಕೆಮ್ಮಣ್ಣು ಬಳಿದು, ಗೆದ್ದಲು ಹತ್ತದಂತೆ ಕಲ್ಲುಗಳ ಮೇಲೆ ಹಿತ್ತಲ ಚಪ್ಪರದಡಿ ಇಟ್ಟೆ. ಮಳೆಗಾಲ ಪೂರ್ತಿ ಅದನ್ನು ನೋಡುತ್ತಾ ಕೂತೆ. ಒಡೆದ ಕೊರಡಿಗೆ ಕಬ್ಬಿಣದ ಪಟ್ಟೆ ಬಿಗಿಸಿ ಉಳಿದ ಗಿಳಿಗಳನ್ನು ಕೆತ್ತಲು ಹೋದರೆ, ಪ್ರತಿ ಪೆಟ್ಟಿಗೂ ಅದು ಅಲುಗಾಡುತ್ತಿತ್ತು.

ಅಂತೂ ಇಂತೂ ನಾಲ್ಕೂ ಗಿಳಿ ಮುಗಿಸಿ ತೊಟ್ಟಿಲು ಹೊತ್ತುಕೊಂಡು ಹೋದಾಗ ಮಗುವಿಗೆ ಆಗಲೇ ಮೂರು ತಿಂಗಳು ತುಂಬಿತ್ತು. ಶಾನುಭೋಗರ ತಾಯಿ ಗಿಳಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಕೂಸು ಸೀರೆ ಜೋಲೀಲೇ ಬೆಳ್ದೋಯ್ತು ಕಣಪ್ಪಾ," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೊಸ ಕೊರಡು ಒಣಗಿ ಕೆಲಸಕ್ಕೆ ಬಂತು. ಎತ್ತರ ಹೆಚ್ಚಾಗಿ ಭುಜ ನೋಯುತ್ತಿತ್ತು, ಕೊಯ್ದೆ, ಓರೆಯಾಯಿತು, ಮತ್ತೆ ಕೊಯ್ದೆ. ಅಂತೂ ಸರಿಹೋಯಿತು ಎನ್ನುವಾಗ ಒಂದು ದಿನ ಬಾಚಿಯ ಬಾಯಿ ಮುಕ್ಕಾಯಿತು. ನೋಡಿದರೆ ಕೊರಡಿನ ಮೇಲೆಲ್ಲಾ ಮರಳು. ಹೆಂಡತಿ ಮರಳು ಮೆತ್ತಿದ ತೆಂಗಿನಕಾಯಿಯನ್ನು ಅದರ ಮೇಲಿಟ್ಟು ಒಡೆದಿದ್ದಳು. ಬಾಯಿಗೆ ಬಂದಂತೆ ಕೂಗಾಡಿದೆ. ಮೂರನೆಯ ದಿನ ಊಟ ಬಡಿಸುತ್ತಾ ಹೇಳಿದಳು: "ಮಳೆಗಾಲದಲ್ಲಿ ನಂಗೆ ಜ್ವರ ಬಂದಿತ್ತು. ನೀವು ಗಳಿಗೆಗೊಂದ್ ಸಲ ಎದ್ದೋಗಿ ಕೊರಡು ನೆನೀತಾ ಅಂತ ನೋಡ್ಕೊಂಡ್ ಬತ್ತಿದ್ರಿ."

ನಿಜವೇ. ಅಂದಿನಿಂದ ಕೆಲಸ ಮುಗಿದ ಮೇಲೆ ಕೊರಡು ಗುಡಿಸಿ, ಗೋಣಿ ಹೊದಿಸಿಡುವ ಕೆಲಸವನ್ನು ನಾನೇ ಮಾಡಿಕೊಂಡೆ, ಕಾಯಿ ಒಡೆದುಕೊಡುವುದನ್ನೂ.