ಬಾಗಿಲ ಮೇಲಿನ ಕಿಂಡಿ

ಮುಂಬಾಗಿಲ ಮೇಲೆ ಗೇಣುದ್ದದ ಕಿಂಡಿಯೊಂದು ಇರಬೇಕೇ ಬೇಡವೇ ಎಂಬುದು ಮನುಕುಲವನ್ನು ಕಾಡುವ ಗಹನ ಪ್ರಶ್ನೆಗಳಲ್ಲೊಂದೆಂದು ನಮ್ಮ ವಸತಿ ಮಂಡಳಿಯಲ್ಲಿ ಎಲ್ಲರೂ ಒಪ್ಪಿದ್ದೇವೆ. ಒಪ್ಪದೆ ವಿಧಿಯಿರಲಿಲ್ಲ, ಇದೀಗ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ವಾಸ್ತುಶಿಲ್ಪಿಗಳು ಸೇವಾವಧಿಯುದ್ದಕ್ಕೂ ಬೇರೆ ಮಾತೆತ್ತಲಿಲ್ಲ. ಬಡವರ ಬಹುಮಹಡಿ ಮನೆಗಳಿಗೆ ಫ್ಯಾನಿನ ಹಂಗಿಲ್ಲದ ಗಾಳಿಯನ್ನು ತಂದವರೆಂದು ಕ್ಷೇತ್ರದಲ್ಲಿ ಮಾನ್ಯರಾದ ಅವರನ್ನು ಕಚೇರಿ ಕರೆದದ್ದು ‘ಗಾಳಿಯಮ್ಮ’ ಎಂದು.

ಸೇರಿದ ಹೊಸತರಲ್ಲೇ, ಸೆಖೆಗೆ ಬಸವಳಿದ ನಕ್ಷೆಗಾರನಿಗೆ ತಮ್ಮ ಕಿಟಕಿಬದಿಯ ಕುರ್ಚಿಯನ್ನು ಬಿಟ್ಟುಕೊಟ್ಟು ತಾವು ಗೋಡೆಬದಿಗೆ ಹೋದವರು ಅವರು. ಆತ ಅದನ್ನು ಇನ್ನೂ ಹಿಂದಿರುಗಿಸಿಲ್ಲ.

ಅವರ ಮೊದಲ ಹನ್ನೆರಡು ಮಹಡಿಯ ಕಟ್ಟಡದಲ್ಲಿ ಬಾಲ್ಕನಿಯಿಂದ ಬಂದ ಗಾಳಿ ಕಿಂಡಿಯ ಮೂಲಕ ಎದುರುಬದುರು ಮನೆಗಳ ನಡುವಿನ ಓಣಿಗೆ ಹೊರಟುಹೋಗಬೇಕಿತ್ತು. ಮೊದಲ ಬೇಸಿಗೆಗೇ ಕಿಂಡಿಗಳೆಲ್ಲ ರಟ್ಟಿನಿಂದ ಮುಚ್ಚಿಹೋದವು.

“ನೋಡಿ ಮೇಡಂ, ನೀವು ಗಾಳಿ ಕೊಟ್ರಿ, ಅವ್ರು ರಟ್ಟು ಹೊಡೆದ್ರು. ಮುಂದಿನ ಕಟ್ಟಡಗಳಿಗೆ ಕಿಂಡೀನೇ ಬೇಡ,” ಎಂದರು ಮುಖ್ಯ ಎಂಜಿನಿಯರರು. ಆದೇಶಕ್ಕೆ ಎಂಜಿನಿಯರರ ಸಹಿಯೊಂದೇ ಬಾಕಿ. ಅದು ಬಿದ್ದರೆ ಇನ್ನೂ ಕಟ್ಟದ ಮನೆಗಳೆಲ್ಲ ಒಲೆಗಳೇ ಎಂಬುದು ಗಾಳಿಯಮ್ಮನವರಿಗೆ ತಿಳಿದಿತ್ತು. ಅವರು ಒಂಬತ್ತನೇ ಮಹಡಿಗೆ ಹೋಗಿ ಒಂದು ಬಾಗಿಲು ತಟ್ಟಿದರು. ತೆರೆದದ್ದು ಒಬ್ಬ ಅಜ್ಜಿ.

“ಸೆಖೆ ಆಗಲ್ವಾ ಅಜ್ಜಿ?”

“ಆಗ್ದೇ ಏನು ತಾಯಿ, ಬೆಂದುಹೋಗ್ತೀವಿ. ಆದ್ರೆ ಮಗಳೂ ಅಳಿಯನೂ ಆಡಿದ್ದೆಲ್ಲ ಎದುರುಮನೆಯಾಕೆಗೆ ಬಾಯಿಪಾಠ! ಮೊನ್ನೆ ಲಿಫ್ಟಲ್ಲಿ ಅಳಿಯಂಗೇ ಬುದ್ಧಿ ಹೇಳಿದ್ಲು. ಗಾಳಿ ಬೇಕು ಅಂತ ಮಾನ ಕಳ್ಕೊಳ್ಳೋಕಾಗುತ್ತಾ?”

ಗಾಳಿಯ ದಾರಿಯನ್ನು ಅಷ್ಟು ಲೆಕ್ಕ ಹಾಕಿದ್ದ ಅವರಿಗೆ, ಅದೇ ದಾರಿಯಲ್ಲಿ ಮಾತೂ ಹೋಗುತ್ತದೆಂಬುದು ಹೊಳೆದಿರಲಿಲ್ಲ. ಬಡಗಿಯನ್ನು ಕರೆಸಿ, ಎರಡು ಕಡೆ ಬಾಗಿದ, ಒಳಗೆಲ್ಲ ತೆಂಗಿನ ನಾರು ಹೊದಿಸಿದ ಪೆಟ್ಟಿಗೆಯೊಂದನ್ನು ಅಜ್ಜಿಯ ಮನೆಯ ಕಿಂಡಿಗೆ ಕೂರಿಸಿದರು. ಗಾಳಿ ತಿರುಗಿಕೊಂಡು ಹೋಗಬೇಕು, ಮಾತು ನಾರಿನಲ್ಲೇ ಉಳಿಯಬೇಕು.

ಪರೀಕ್ಷೆಗೆ ಜಗಳವೊಂದು ಬೇಕಾಯಿತು. “ನೀವು ಹೇಳ್ದಾಗೆಲ್ಲ ಜಗಳ ಬರಲ್ಲ ಮೇಡಂ,” ಎಂದು ಅಳಿಯ ನುಣುಚಿಕೊಂಡ. ಕೊನೆಗೆ ಗಾಳಿಯಮ್ಮನವರೂ ಮುಖ್ಯ ಎಂಜಿನಿಯರರೂ ಒಳಗೆ ನಿಂತು ಬಾಗಿಲು ಹಾಕಿಕೊಂಡರು. ಅವರಿಗೆ ಅಭ್ಯಾಸದ ಅಗತ್ಯವಿರಲಿಲ್ಲ.

“ಎಂಥಾ ಹಟಮಾರಿ ರೀ ನೀವು!”

“ನಿಮ್ಮ ತಲೇಗೂ ಒಂದು ಕಿಂಡಿ ಇಡಿಸ್ಬೇಕಿತ್ತು ಸಾರ್!”

ಸಾಕಷ್ಟು ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಓಣಿಯಲ್ಲಿ ಕಿವಿಗೊಟ್ಟು ನಿಂತಿದ್ದ ಅಜ್ಜಿ ತೀರ್ಪು ಕೊಟ್ಟರು: “ಗದ್ದಲ ಅಂತ ಗೊತ್ತಾಯ್ತು. ಯಾತಕ್ಕೆ ಅಂತ ಗೊತ್ತಾಗ್ಲಿಲ್ಲ. ಇಷ್ಟು ಸಾಕು ತಾಯಿ.” ಪಕ್ಕದಲ್ಲಿದ್ದ ಎದುರುಮನೆಯಾಕೆಯ ಮುಖ ಬಾಡಿತು. ಹಣೆ ಒರೆಸಲು ಕರವಸ್ತ್ರ ತೆಗೆದ ಮುಖ್ಯ ಎಂಜಿನಿಯರರು, ಒರೆಸಲು ಬೆವರಿಲ್ಲದ್ದನ್ನು ಕಂಡು, ಅದನ್ನು ಮಡಚಿ ಜೇಬಿಗಿಟ್ಟರು.

ಗಾಳಿಯಮ್ಮನವರು ಆಯುರಾರೋಗ್ಯದಿಂದ ಬಹುಕಾಲ ಬಾಳಲಿ. ನಿವೃತ್ತಿಯ ನೆಪ ಹೇಳಿ ನಮ್ಮೊಡನೆ ಜಗಳವಾಡುವುದನ್ನು ಮಾತ್ರ ನಿಲ್ಲಿಸದಿರಲಿ. ಕಿಂಡಿ ಬೇಡವೆಂಬ ಆ ಆದೇಶಕ್ಕೆ ಇಂದಿಗೂ ಸಹಿ ಬಿದ್ದಿಲ್ಲ.