ಗಾಡಿಯಲ್ಲಿ ಯಾರೂ ಸಾಯಲಿಲ್ಲ

ಊರಿನವರ ಬಾಯಲ್ಲಿ ಅವನು ಸೈರನ್ ಮಾವ. ಗುಡ್ಡದ ಮೇಲಿನ ಜಿಲ್ಲೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ಆಂಬುಲೆನ್ಸ್ ಡ್ರೈವರ್. ಕೂಗುವುದೆಲ್ಲ ಗಾಡಿಯದ್ದು, ಅವನದ್ದು ಮಾತೇ ಕಡಿಮೆ. "ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತಾ?" ಎಂದು ಹೆಂಡತಿ ದಿನಕ್ಕೊಂದು ಸಲವಾದರೂ ಕೆಣಕುತ್ತಿದ್ದಳು. ಅವನು ನಕ್ಕು ಸುಮ್ಮನಾಗುತ್ತಿದ್ದ.

ಆ ಆಸ್ಪತ್ರೆಯಲ್ಲಿ ಜ್ವರಕ್ಕೆ ಮಾತ್ರೆ, ಗಾಯಕ್ಕೆ ಹೊಲಿಗೆ, ಅಷ್ಟೇ. ಅದಕ್ಕಿಂತ ಹೆಚ್ಚಿನದ್ದು ಏನಾದರೂ ಬಂದರೆ ತಿರುವುಗಳ ರಸ್ತೆ ಇಳಿದು ಕೆಳಗಿನ ಜಿಲ್ಲೆಯ ದೊಡ್ಡಾಸ್ಪತ್ರೆಗೆ ಹೋಗಬೇಕು. ಅಲ್ಲಿಯ ತುರ್ತು ಬಾಗಿಲಲ್ಲಿ ರೋಗಿಯನ್ನು ಇಳಿಸಿಕೊಳ್ಳುತ್ತಿದ್ದ ನರ್ಸ್ ಬೇರೆ ಯಾರೂ ಅಲ್ಲ, ಅವನ ಒಬ್ಬಳೇ ಮಗಳು. ಅವಳ ಕೈಗುಣ ಚೆನ್ನಾಗಿದೆ ಎಂದು ಆಸ್ಪತ್ರೆಯಲ್ಲೆಲ್ಲ ಮಾತಿತ್ತು. ಅವಳು ಚುಚ್ಚಿದರೆ ಸೂಜಿ ನೋಯುವುದಿಲ್ಲ, ಹಣೆ ಮುಟ್ಟಿದರೆ ಅರ್ಧ ಜ್ವರ ಇಳಿದಂತೆ ಎನ್ನುತ್ತಿದ್ದರು. ಇದನ್ನು ಕೇಳಿದಾಗಲೆಲ್ಲ ಅಪ್ಪನ ಎದೆ ಉಬ್ಬುತ್ತಿತ್ತು.

ಆ ಗುಡ್ಡದ ರಸ್ತೆಯಲ್ಲಿ ಆಂಬುಲೆನ್ಸ್ ಓಡಿಸುವವರಲ್ಲಿ ಒಂದು ಪದ್ಧತಿಯಿತ್ತು. ಗಾಡಿಯಲ್ಲಿ ಯಾರೂ ಸಾಯುವುದಿಲ್ಲ. ಉಸಿರು ನಿಂತದ್ದು ಕನ್ನಡಿಯಲ್ಲಿ ಕಂಡರೂ ಡ್ರೈವರ್ ತುಟಿ ಪಿಟಕ್ಕೆನ್ನುವುದಿಲ್ಲ. ಸತ್ತರು ಎನ್ನಲು ಅವನೇನು ಡಾಕ್ಟರೇ? ರೋಗಿಯ ಪಕ್ಕದಲ್ಲಿ ಹೆಂಡತಿಯೋ ಮಗನೋ ಕೈ ಹಿಡಿದು ಕೂತಿರುತ್ತಾರೆ. ನಡುದಾರಿಯಲ್ಲಿ ಅವರಿಗೆ ಆ ಮಾತು ಹೇಳಿ ಯಾವ ಪುಣ್ಯ ಕಟ್ಟಿಕೊಳ್ಳುವುದು? ಅದಕ್ಕೇ ಮುಖದ ಆಕ್ಸಿಜನ್ ಮಾಸ್ಕ್ ತೆಗೆಯದೆ, ಸೈರನ್ ನಿಲ್ಲಿಸದೆ ಬಾಗಿಲವರೆಗೆ ಒಯ್ಯಬೇಕು. ಮಿಕ್ಕಿದ್ದನ್ನು ಆಸ್ಪತ್ರೆಯವರು ಹೇಳಿಕೊಳ್ಳಲಿ.

ಸಾಂಕ್ರಾಮಿಕ ಬಂದ ವರ್ಷ ಈ ಪದ್ಧತಿ ಎಷ್ಟು ಸಲ ಬಳಕೆಗೆ ಬಂತೋ ಅವನೇ ಎಣಿಸಲಿಲ್ಲ. ಇನ್ನೂ ಬೆಚ್ಚಗಿರುವ ದೇಹಗಳನ್ನು ಮಗಳ ಕೈಗೆ ಒಪ್ಪಿಸಿ ಗಾಡಿ ತಿರುಗಿಸುತ್ತಿದ್ದ. ಅವಳು ಎದೆ ಒತ್ತುತ್ತಾ ಒಳಗೆ ಓಡುತ್ತಿದ್ದಳು. ಒಂದು ಬೆಳಿಗ್ಗೆ ಹೀಗೇ ತನ್ನ ಹೆಂಡತಿಯನ್ನೂ ತಂದು ಇಳಿಸಿದ. "ಈಗಷ್ಟೇ ನೀರು ಕೇಳಿದ್ಲು ಕಣಮ್ಮ" ಎಂದ. ಮಗಳು ತನ್ನ ತಾಯಿಯ ಎದೆಯನ್ನು ತೋಳು ಸೋಲುವವರೆಗೂ ಒತ್ತಿದಳು. ಕೊನೆಗೆ ಡಾಕ್ಟರೇ ಬಂದು ಅವಳ ಕೈ ಬಿಡಿಸಬೇಕಾಯಿತು.

ರೋಗ ಇಳಿದ ಮೇಲೆ ಟಿವಿಯವರಿಗೆ ಹೊಸ ಹುಚ್ಚು ಹತ್ತಿತು. ದೇಶದ ನಕ್ಷೆ ತೋರಿಸಿ, ಯಾವ ಜಿಲ್ಲೆಯಲ್ಲಿ ಸಾವು ಎಷ್ಟು ಎಂದು ಬಣ್ಣ ಬಳಿದರು. ಮೇಲಿನ ಜಿಲ್ಲೆ ಹಚ್ಚ ಹಸಿರು, ಕೆಳಗಿನದ್ದು ಕಡುಗೆಂಪು. ಗುಡ್ಡದ ಜನರಿಗೆ ಶಿಸ್ತು ಹೆಚ್ಚಂತೆ, ಗುಡ್ಡದ ಗಾಳಿ ಒಳ್ಳೆಯದಂತೆ, ಮಣ್ಣಾಂಗಟ್ಟಿ! ಸತ್ತವರು ಎಲ್ಲಿಯವರು ಎಂದು ಲೆಕ್ಕ ಹಾಕಿರಲಿಲ್ಲ, ಎಲ್ಲಿ ಕಣ್ಣು ಮುಚ್ಚಿದರು ಎಂದು ಹಾಕಿದ್ದರು. ಕಾಯಿಲೆಯವರನ್ನೆಲ್ಲ ಕೆಳಗೆ ಸಾಗಿಸಿದ ಮೇಲೆ ಗುಡ್ಡದಲ್ಲಿ ಸಾಯುವುದಕ್ಕೆ ಉಳಿದವರಾದರೂ ಯಾರು? ಆದರೂ ಹಸಿರು ಜಿಲ್ಲೆಗೆ ಒಂದು ಸನ್ಮಾನ ಸಮಾರಂಭ ನಡೆಯಿತು. ಸೈರನ್ ಮಾವನನ್ನೂ ವೇದಿಕೆಗೆ ಕರೆದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಅವನೂ ತಟ್ಟಿದ.

ಆ ವಾರವೇ ಅಳಿಯನ ಫೋನು ಬಂತು. "ಮಾವ, ಒಂದ್ಸಲ ಬಂದು ಹೋಗಿ. ಇವಳು ಕೆಲಸ ಬಿಡ್ತಾಳಂತೆ. ನಾಳೆಯಿಂದ ಹೋಗಲ್ಲ ಅಂತಾಳೆ. ನಾನು ಹೇಳಿ ಹೇಳಿ ಸಾಕಾಯ್ತು."

ಭಾನುವಾರ ಮಧ್ಯಾಹ್ನ ಬಸ್ಸಿನಲ್ಲಿ ಗುಡ್ಡ ಇಳಿದು ಹೋದ. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಒಗೆದು ಮಡಚಿದ ಯೂನಿಫಾರ್ಮ್ ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಪಕ್ಕದ ಕುರ್ಚಿಯ ಮೇಲಿತ್ತು, ವಾಪಸ್ ಕೊಡುವುದಕ್ಕೆ. ಅಳಿಯ ಟೀ ತಂದಿಟ್ಟು, ಹಾಲು ತರುವ ನೆಪ ಹೇಳಿ ಹೊರಗೆ ಹೋದ. ಟೀಗೆ ಹಾಲು ಹಾಕಿಯಾಗಿತ್ತು, ಪಾಪ.

"ಏನಮ್ಮ ಇದು?" ಎಂದು ಅಪ್ಪ ಚೀಲ ತೋರಿಸಿದ.

"ಟಿವಿ ನೋಡ್ಲಿಲ್ವಾ? ಇಡೀ ದೇಶಕ್ಕೆ ನಮ್ಮದೇ ಕೆಟ್ಟ ಜಿಲ್ಲೆ."

"ಆ ಲೆಕ್ಕಕ್ಕೆ ಬೆಂಕಿ ಹಾಕು. ಇಲ್ಲಿ ಸತ್ತವರಲ್ಲಿ ಎಷ್ಟೋ ಜನ ನಮ್ಮ ಕಡೆಯವರು. ನಾನೇ ತಂದಿದ್ದು."

"ತಂದವನು ನೀನು, ಉಳಿಸ್ಕೋಬೇಕಾಗಿದ್ದವಳು ನಾನು." ಮಗಳು ತನ್ನ ಅಂಗೈಗಳನ್ನೇ ನೋಡುತ್ತಿದ್ದಳು. "ನನ್ನ ಕೈಗುಣ ಹೋಯ್ತಪ್ಪ. ನಾನು ಮುಟ್ಟಿದವರೆಲ್ಲ ಹೋದ್ರು. ಅಮ್ಮ ನೀರು ಕೇಳಿದ್ಲು ಅಂದೆ. ನೀರು ಕೇಳಿದವಳು ನನ್ನ ಕೈಗೆ ಬಂದ ತಕ್ಷಣ ಹೋಗ್ಬಿಟ್ಲು. ಇಂಥ ಕೈ ಇಟ್ಕೊಂಡು ನಾಳೆ ಇನ್ನೊಬ್ಬರನ್ನ ಹೇಗೆ ಮುಟ್ಲಿ?"

ಅಪ್ಪ ಲೋಟ ಕೆಳಗಿಟ್ಟ. ಇಷ್ಟು ದಿನ ಅವನು ತಿಳಿದದ್ದೇ ಬೇರೆ. 'ಅಮ್ಮ ನನ್ನ ಕೈಯಲ್ಲೇ ಹೋದ್ಲು' ಎಂದು ಅವಳು ಬಂಧುಗಳ ಮುಂದೆ ಅಳುವಾಗ, ಮಗಳಿಗೆ ಅದೊಂದಾದರೂ ಸಮಾಧಾನ ಸಿಕ್ಕಿತಲ್ಲ ಎಂದುಕೊಂಡಿದ್ದ. ತನ್ನ ಸುಳ್ಳು ಅವಳನ್ನು ಒಳಗೊಳಗೇ ತಿನ್ನುತ್ತಿದೆ ಎಂದು ಅವನ ಕನಸಿಗೂ ಬಂದಿರಲಿಲ್ಲ. ಈಗ ನಿಜ ಹೇಳಿದರೆ ತಾಯಿಯ ಕೊನೆಯ ಗಳಿಗೆಯನ್ನೂ ಅವಳಿಂದ ಕಿತ್ತುಕೊಂಡಂತೆ. ಹೇಳದಿದ್ದರೆ ಆ ಚೀಲ ನಾಳೆ ಆಸ್ಪತ್ರೆಗೆ ಹೋಗುತ್ತದೆ.

"ನೀರು ಕೇಳಿದ್ದು ಹೌದು," ಎಂದ. "ಆದ್ರೆ ಅದು ಮೇಲೆ, ನಮ್ಮನೆ ಬಾಗಿಲಲ್ಲಿ."

ಮಗಳು ತಲೆಯೆತ್ತಿದಳು.

"ಹಾಲಿನ ಡಿಪೋ ತಿರುವಲ್ಲಿ ಕನ್ನಡಿ ನೋಡ್ದೆ. ಹೊದಿಕೆ ಅಲುಗಾಡ್ತಾ ಇರ್ಲಿಲ್ಲ. ನಿಲ್ಲಿಸಿ ಮುಟ್ಟಿ ನೋಡ್ದೆ. ಆಮೇಲೆ ಸೈರನ್ ಹಾಕ್ಕೊಂಡು ಬಂದೆ. ಅವಳೊಬ್ಬಳೇ ಅಲ್ಲಮ್ಮ. ನಿನ್ನ ಕೈಲಿ ಹೋದ್ರು ಅಂತೀಯಲ್ಲ, ಎಷ್ಟೋ ಜನ ಗಾಡೀಲೇ ಹೋಗಿದ್ರು."

"ಬೇರೆಯವರ ಜೊತೆ ಅವರ ಮನೆಯವರಿರ್ತಿದ್ರು. ಅಮ್ಮನ ಜೊತೆ ಯಾರಿದ್ರು?"

"ಯಾರೂ ಇಲ್ಲ. ನಾನೊಬ್ನೇ."

"ಮತ್ತೆ ಸೈರನ್ ಯಾರಿಗೆ ಹಾಕಿದೆ?"

"ನಿಲ್ಲಿಸಿದ್ರೆ ಅವಳು ಹೋದ್ಲು ಅಂತ ನಾನೂ ಒಪ್ಕೋಬೇಕಾಗ್ತಿತ್ತು."

ಮಗಳ ಕಣ್ಣು ತುಂಬಿತು, ಸಿಟ್ಟೂ ಬಂತು. "ತೋಳು ಬಿದ್ದುಹೋಗೋ ಹಾಗೆ ಒತ್ತುತ್ತಿದ್ದೆ. ನೀನು ಗೊತ್ತಿದ್ದೂ ನೋಡ್ತಾ ನಿಂತಿದ್ದೆಯಲ್ಲಪ್ಪ. ಬೇಡ ಅಂತ ಒಂದು ಮಾತು ಹೇಳಕ್ಕಾಗ್ಲಿಲ್ವಾ?"

"ನಿನ್ನ ಕೈಗುಣದ ಮೇಲೆ ನನಗೂ ನಂಬಿಕೆ ಇತ್ತಲ್ಲಮ್ಮ," ಎಂದ ಅಪ್ಪ. "ನಿನ್ನ ಕೈಗೆ ಕೊಟ್ರೆ ಎದ್ದು ಕೂರ್ತಾಳೇನೋ ಅಂತ."

ಜನ್ಮದಲ್ಲಿ ಅಷ್ಟು ಮಾತಾಡಿದವನಲ್ಲ ಅವನು. ಆಡಿ ಮುಗಿಸಿ ಟವೆಲಿನಿಂದ ಮುಖ ಮುಚ್ಚಿಕೊಂಡ. ಮಗಳು ಎದ್ದು ಬಂದು ಪಕ್ಕದಲ್ಲಿ ಕೂತಳು. ಇಬ್ಬರೂ ಮನಸಾರೆ ಅತ್ತರು. ಅಳಿಯ ಹಾಲಿನ ಪ್ಯಾಕೆಟ್ ಹಿಡಿದು ಬಾಗಿಲಿಗೆ ಬಂದವನು ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟ.

ಬಸ್ಸಿಗೆ ಬಿಡಲು ಮಗಳೇ ಬಂದಳು. "ಗಾಡಿ ಒಳಗೆ ಎಷ್ಟು ಬೇಕಾದ್ರೂ ಸೈರನ್ ಹಾಕ್ಕೋ," ಎಂದಳು. "ಬಾಗಿಲಲ್ಲಿ ಮಾತ್ರ ನನಗೆ ನಿಜ ಹೇಳು." ಅವನು ತಲೆಯಾಡಿಸಿದ.

ಟಿವಿಯ ನಕ್ಷೆ ಬದಲಾಗಲಿಲ್ಲ. ಸೈರನ್ ಮಾವನ ಹೆಂಡತಿ ಇಂದಿಗೂ ಕೆಂಪು ಜಿಲ್ಲೆಯ ಲೆಕ್ಕದಲ್ಲೇ ಇದ್ದಾಳೆ.

ಸ್ವಲ್ಪ ದಿನದ ಮೇಲೆ ಗುಡ್ಡದಿಂದ ಒಬ್ಬ ಮುದುಕಿಯನ್ನು ಇಳಿಸಿ ತಂದ. ಪಕ್ಕದಲ್ಲಿ ಅವಳ ಸೊಸೆ ಅಳುತ್ತಿದ್ದಳು. ತುರ್ತು ಬಾಗಿಲಲ್ಲಿ ಇಸ್ತ್ರಿ ಮಾಡಿದ ಯೂನಿಫಾರ್ಮ್ ತೊಟ್ಟು ಮಗಳು ನಿಂತಿದ್ದಳು. ಸ್ಟ್ರೆಚರ್ ಕೆಳಗಿಳಿಸುವ ಮೊದಲು ಅಪ್ಪನ ಮುಖ ನೋಡಿದಳು.

"ನಾಡಿ ಇದೆ ಮಗಳೇ," ಎಂದ ಅವನು. "ಈಗ ಮುಟ್ಟಿ ನೋಡ್ದೆ. ನಿಜವಾಗ್ಲೂ ಇದೆ."

ಅವಳು ಮತ್ತೇನೂ ಕೇಳದೆ ಮುದುಕಿಯ ಹಣೆಯ ಮೇಲೆ ಕೈಯಿಟ್ಟು, ಸ್ಟ್ರೆಚರ್ ಜೊತೆ ಒಳಗೆ ಓಡಿದಳು.