ಮಂಜು ಇರಲಿ ಎಂದು ನಾವು ಹೇಳಿದ್ದು

ಕಾರಿನ ಡಿಕ್ಕಿ ತೆಗೆದರೆ ಈಗಲೂ ನೋವಿನ ಸ್ಪ್ರೇ ವಾಸನೆ ಮೂಗಿಗೆ ಹೊಡೆಯುತ್ತದೆ. ಅದರಲ್ಲಿ ತರಕಾರಿ ತಂದರೆ ತರಕಾರಿಗೂ ಹತ್ತುತ್ತದೆ. ಮೊನ್ನೆ ಸೊಪ್ಪಿನ ಸಾರು ಬಾಯಿಗಿಟ್ಟ ಹೆಂಡತಿ, "ಯಾರ ಮೊಣಕಾಲು ಬೇಯಿಸಿದೀನಿ ಇವತ್ತು?" ಎಂದು ತಟ್ಟೆ ಸರಿಸಿದಳು. ನಾನೇನೂ ಆಟಗಾರನಲ್ಲ, ನೋಡಿ. ಜೆ.ಪಿ. ನಗರದ ನಮ್ಮ ಪುಟ್ಟ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್. ಅಂದರೆ ನೀರಿನ ಕ್ಯಾನು, ಸ್ಪ್ರೇ ಮತ್ತು ಚಿಂತೆ ಹೊರುವವನು. ಮೊದಲೆರಡಕ್ಕಾದರೂ ಯಾರಾದರೂ ಕೈ ಜೋಡಿಸುತ್ತಾರೆ.

ಆ ಸ್ಪ್ರೇ ಹೆಚ್ಚು ಖರ್ಚಾದದ್ದು ಮಂಜುವಿನ ಎಡ ಮೊಣಕಾಲಿಗೆ. ಒಂದು ಕಾಲದಲ್ಲಿ ಅವನ ಆಟ ನೋಡಲು ಬನಶಂಕರಿಯಿಂದ ಒಂದೊಂದು ಬೈಕಿನಲ್ಲಿ ಮೂವರು ಕೂತು ಬರುತ್ತಿದ್ದರು. ಅವನು ಚೆಂಡು ಹಿಡಿದು ರಿಂಗಿನತ್ತ ನೋಡಿದರೆ ಸಾಕು, ಎದುರು ತಂಡದವರು ತಮ್ಮತಮ್ಮಲ್ಲೇ ಬೈದಾಡಲು ಶುರುಮಾಡುತ್ತಿದ್ದರು. ಆದರೆ ನಾನು ಹೇಳುತ್ತಿರುವ ವರ್ಷ ಅವನಿಗೆ ನಲವತ್ತು ಹತ್ತಿರವಾಗಿತ್ತು. ಓಡುವುದನ್ನು ನೋಡಿದರೆ ಬಸ್ಸು ತಪ್ಪಿಸಿಕೊಂಡ ಗುಮಾಸ್ತ ನೆನಪಾಗುತ್ತಿದ್ದ. ತಂಡ ಸೋತು ಸುಣ್ಣವಾಗಿತ್ತು. ಇನ್ನಷ್ಟು ಸೋತರೆ ಎ ಡಿವಿಷನ್‌ನಿಂದ ಬಿ ಡಿವಿಷನ್‌ಗೆ ಇಳಿಯಬೇಕು.

ಒಂದು ಪಂದ್ಯದಲ್ಲಿ ಕೋಚ್ ಗೋಪಾಲಣ್ಣ ಧೈರ್ಯಮಾಡಿ ಅವನನ್ನು ಬೆಂಚಿನಲ್ಲಿ ಕೂರಿಸಿದರು. ನಮ್ಮವನೊಬ್ಬನಿಗೆ ಚೆಂಡು ಸಿಕ್ಕಿತು. ಎದುರಿಗೆ ಯಾರೂ ಇಲ್ಲ, ಹಾಕಿದರೆ ಪಾಯಿಂಟು. ಅವನು ಅಭ್ಯಾಸಬಲದಿಂದ ತಿರುಗಿ ಬೆಂಚಿನ ಮೇಲಿದ್ದ ಮಂಜುವಿಗೆ ಪಾಸ್ ಮಾಡಿದ. ಮಂಜುವೂ ಅಭ್ಯಾಸಬಲದಿಂದ ಹಿಡಿದ. ಗ್ಯಾಲರಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಆಮೇಲೆ, ನಕ್ಕದ್ದನ್ನು ಅವನು ನೋಡಿದನೇನೋ ಎಂದು ವಾರಗಟ್ಟಲೆ ಕೊರಗಿದೆ.

ಮಾರನೆಯ ದಿನ ದರ್ಶಿನಿ ಹೋಟೆಲೊಂದರಲ್ಲಿ ನಿಂತುಕೊಂಡೇ ಸಭೆ ಸೇರಿದೆವು.

"ಉಳಿದ ಮ್ಯಾಚಿಗೆ ಅವ್ನು ಬೇಡ. ಅವ್ನಿರೋವರೆಗೂ ಈ ಹುಡುಗ್ರು ಆಟ ಕಲಿಯಲ್ಲ" ಎಂದರು ಗೋಪಾಲಣ್ಣ.

"ಇವ್ರು ಕಲಿಯೋಷ್ಟರಲ್ಲಿ ನಾವು ಡಿವಿಷನ್ನೇ ಇಲ್ದಿರೋ ಜಾಗಕ್ಕೆ ಹೋಗಿರ್ತೀವಿ ಗುರು" ಎಂದರು ಕ್ಲಬ್ಬಿನ ಅಧ್ಯಕ್ಷರು.

ಇಬ್ಬರೂ ನನ್ನ ಕಡೆ ತಿರುಗಿದರು. ವಡೆ ಮುರಿಯುತ್ತಾ ಎಷ್ಟು ಹೊತ್ತು ತಳ್ಳಬಹುದು ಹೇಳಿ? "ಇರ್ಲಿ ಬಿಡಿ, ಇದೊಂದು ಸಲ" ಎಂದೆ. ದೊಡ್ಡ ಮನಸ್ಸಿನವನೆಂದು ಅಧ್ಯಕ್ಷರು ಬೆನ್ನು ತಟ್ಟಿದರು. ಬೇಡ ಎಂದಿದ್ದರೆ ಅದನ್ನು ಹೇಳಿಬರಲು ನನ್ನನ್ನೇ ಕಳಿಸುತ್ತಿದ್ದರು, ಅಷ್ಟೇ.

ಒಳ್ಳೆಯ ಸುದ್ದಿಯಾದ್ದರಿಂದ ಖುಷಿಯಾಗಿ ಪುಟ್ಟೇನಹಳ್ಳಿಯ ಅವನ ಮನೆಗೆ ಹೋದೆ. ಮಂಜು ಮೊಣಕಾಲಿಗೆ ಐಸ್ ಕಟ್ಟಿಕೊಂಡು ಬಾಗಿಲಲ್ಲೇ ಕೂತಿದ್ದ.

"ನಿನ್ನ ಬಿಡಲ್ಲ ಅಂದ್ವಿ ಕಣಯ್ಯಾ!"

"ಓ. ಇಟ್ಕೊಂಡ್ರಾ?" ಎಂದು ಐಸನ್ನೇ ನೋಡಿದ. "ಬೇಡ ಅಂತೀರಾ ಅಂದ್ಕೊಂಡಿದ್ದೆ ಸಾರ್. ಈ ಭಾನುವಾರದಿಂದ ಫ್ರೀ ಅಂತ ಮನೇಲೂ ಹೇಳ್ಬಿಟ್ಟಿದ್ದೆ."

"ಸಾಕು ಅಂತ ನೀನೇ ಹೇಳ್ಬೋದಿತ್ತಲ್ಲ?"

"ನಾನ್ ಹೆಂಗೆ ಸಾರ್ ಹೇಳ್ಲಿ? ಚೆಂಡು ಸಿಕ್ಕಿದ್ ತಕ್ಷಣ ಎಲ್ಲಾ ನನ್ನೇ ನೋಡ್ತಾರೆ."

ಭಾನುವಾರ ಬಂದು ಆಡಿದ. ಆಮೇಲಿನ ಪಂದ್ಯಗಳನ್ನೂ ಆಡಿದ. ಅವನಿದ್ದೂ ತಂಡ ಬಿ ಡಿವಿಷನ್‌ಗೆ ಇಳಿಯಿತು. ಕೊನೆಯ ಸೀಟಿ ಊದಿದಾಗ ಉಳಿದವರೆಲ್ಲ ತಲೆ ತಗ್ಗಿಸಿದ್ದರು. ಅವನೊಬ್ಬ ಮಾತ್ರ ಶಾಲೆಯ ಕೊನೆಯ ಬೆಲ್ ಕೇಳಿದ ಹುಡುಗನ ಹಾಗೆ ಶೂ ಬಿಚ್ಚುತ್ತಿದ್ದ.

ಮಂಜುವಿನ ಆಟ ಅಲ್ಲಿಗೆ ಮುಗಿಯಿತು. ತಂಡ ಈಗಲೂ ಬಿ ಡಿವಿಷನ್‌ನಲ್ಲಿದೆ. ನಾನೂ ಈಗಲೂ ಮ್ಯಾನೇಜರ್. ಬಿಟ್ಟುಬಿಡುತ್ತೇನೆ ಎಂದು ಪ್ರತಿ ವರ್ಷ ಗಟ್ಟಿ ಮನಸ್ಸು ಮಾಡಿ ಸಭೆಗೆ ಹೋಗುತ್ತೇನೆ. "ನೀವಿಲ್ದೆ ಹೆಂಗೆ ಸಾರ್" ಎನ್ನುತ್ತಾರೆ. ಹೊಸ ಸೀಸನ್ನಿನ ನೀರಿನ ಕ್ಯಾನಿಗೆ ಆರ್ಡರ್ ಹೇಳಿ ಮನೆಗೆ ಬರುತ್ತೇನೆ. ನನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಇದುವರೆಗೆ ಯಾರೂ ಒಂದು ವಡೆಯನ್ನೂ ಮುರಿದಿಲ್ಲ.

ಇವತ್ತು ಸಂಜೆ ಮತ್ತೆ ಸಭೆಯಿದೆ. ಈಗಷ್ಟೇ ಮಂಜುವಿಗೆ ಫೋನ್ ಮಾಡಿದ್ದೆ.

"ಇವತ್ತು ಹೇಳ್ಬಿಡ್ತೀನಪ್ಪ, ನನ್ ಕೈಲಿ ಆಗಲ್ಲ ಅಂತ."

"ಹೋದ್ ವರ್ಷಾನೂ ಇದನ್ನೇ ಹೇಳಿದ್ರಿ ಸಾರ್."

"ಈ ಸಲ ನಿಜ ಕಣೋ."

ಅವನು ಕೇಳಿದ: "ಎಷ್ಟೊತ್ತಿಗೆ ಮೀಟಿಂಗು? ನಾನೂ ಬರ್ತೀನಿ. ನೀವು ಸುಮ್ನೆ ಕಾಫಿ ಕುಡೀತಿರಿ. ನಾನ್ ಹೇಳ್ತೀನಿ."